ಇಂಗ್ಲಿಷಿಗೆಂದು ವ್ಯಾನು ಹತ್ತಿದವಳು

ನಮ್ಮ ಹಿಟ್ಟಿನ ಮಿಲ್ಲಿನಲ್ಲಿ ಹಿಟ್ಟು ಬೀಳುವ ಬಾಯಿಗೆ ಒಂದು ಬಟ್ಟೆಯ ತೋಳು ಕಟ್ಟಿರುತ್ತೇನೆ. ಅದಿಲ್ಲದಿದ್ದರೆ ರಾಗಿ ಹಿಟ್ಟು ಡಬ್ಬಕ್ಕೆ ಬೀಳುವ ಬದಲು ಬೀಸಿಸಲು ಬಂದವರ ತಲೆಗೆ ಹಾರಿ, ಇದ್ದವರೆಲ್ಲ ಒಂದು ಗಳಿಗೆಯಲ್ಲಿ ಮುದುಕರಾಗಿಬಿಡುತ್ತಾರೆ. ಆ ತೋಳು ಜಾರದಿರಲಿ ಎಂದು ಮೊದಲು ಸೈಕಲ್ ಟ್ಯೂಬಿನ ತುಂಡು ಸುತ್ತುತ್ತಿದ್ದೆ. ಈಗ ಅಲ್ಲಿರುವುದು ಕೆಂಪು ಪಟ್ಟೆಯ ಒಂದು ಟೈ. ಸ್ಕೂಲು ಮಕ್ಕಳದು, ಹಿಂದೆ ಎಲಾಸ್ಟಿಕ್ ಇರುತ್ತದಲ್ಲ, ಅಂಥದು. ಎಲಾಸ್ಟಿಕ್ಕು ಬಟ್ಟೆಯನ್ನು ಬಿಗಿಯಾಗಿ ಹಿಡಿದಿರುತ್ತದೆ, ಟೈ ಮುಂದೆ ಜೋತಾಡುತ್ತಿರುತ್ತದೆ. ಮಿಷನ್ನು ಓಡುವಾಗ ಅದೂ ಜೊತೆಗೆ ಕುಣಿಯುತ್ತದೆ.

ಮೊನ್ನೆ ರಾಗಿ ತಂದ ಸಣ್ಣೀರಮ್ಮ ಅದನ್ನು ತುಂಬ ಹೊತ್ತು ದಿಟ್ಟಿಸಿ ನೋಡಿ ಕೇಳಿದಳು: “ಏನ್ಲಾ, ನಿನ್ ಮಿಲ್ಲೂ ಕಾನ್ವೆಂಟಿಗೆ ಸೇರ್ಕಂತಾ?”

ನಮ್ಮ ಕಡೆ ಟೈ ಕಟ್ಟುವ ಶಾಲೆಗಳೆಲ್ಲ ಕಾನ್ವೆಂಟೇ. ಅದನ್ನು ನಡೆಸುವವರು ಯಾರು, ಎತ್ತ ಎಂದು ಯಾರೂ ಕೇಳುವುದಿಲ್ಲ. ಸಣ್ಣೀರಮ್ಮನ ಮಾತಿಗೆ ನಾನೂ ನಕ್ಕೆ, ಮಿಲ್ಲಿನಲ್ಲಿ ಕೂತಿದ್ದವರೂ ನಕ್ಕರು. ಆದರೆ ಅವಳು ಹಿಟ್ಟು ಹೊತ್ತುಕೊಂಡು ಹೋದ ಮೇಲೆ ಆ ಟೈ ಹಾಕಿಕೊಂಡಿದ್ದ ಕೊರಳು, ಆ ಕೊರಳನ್ನು ದಿನಾ ಹೊತ್ತೊಯ್ಯುತ್ತಿದ್ದ ಹಳದಿ ವ್ಯಾನು ಎಲ್ಲ ನೆನಪಾಗಿ, ಆಮೇಲೆ ಬಂದ ಗೋಧಿಯನ್ನು ರಾಗಿ ಕಲ್ಲಿಗೆ ಸುರಿದುಬಿಟ್ಟೆ.

ನಾವು ಚಿಕ್ಕವರಿದ್ದಾಗ ಶಾಲೆ ಆರಿಸುವ ತಾಪತ್ರಯವೇ ಇರಲಿಲ್ಲ. ಶಾಲೆಯೇ ನಮ್ಮನ್ನು ಹುಡುಕಿಕೊಂಡು ಮನೆಗೆ ಬರುತ್ತಿತ್ತು. ಮೇಷ್ಟ್ರು ನಮ್ಮ ಮನೆಗೆ ಬಂದ ದಿನ ಅವ್ವ ಜಗಲಿಯಲ್ಲಿ ಹುಣಸೆಹಣ್ಣು ಬಡಿಯುತ್ತಿದ್ದಳು. ನಾನು ಅವಳ ಬೆನ್ನ ಹಿಂದೆ ಅವಿತಿದ್ದೆ. ಬಲಗೈಯನ್ನು ತಲೆಯ ಮೇಲಿಂದ ಹಾಯಿಸಿ ಎಡಗಿವಿ ಮುಟ್ಟಬೇಕು, ಮುಟ್ಟಿದರೆ ಒಂದನೇ ಕ್ಲಾಸಿಗೆ ಅರ್ಹ, ಅಷ್ಟೇ ಪರೀಕ್ಷೆ. ಈ ಗುಟ್ಟು ನನಗೆ ಮೊದಲೇ ಗೊತ್ತಿದ್ದರಿಂದ ಬೆರಳು ಮಡಚಿಕೊಂಡು, ಎಷ್ಟು ನೀಡಿದರೂ ಸಿಗುವುದಿಲ್ಲವೆಂಬಂತೆ ಮುಖ ಕಿವುಚಿದೆ. ಮೇಷ್ಟ್ರು ಬಹಳ ಅನುಭವಸ್ಥರು. ಬೆರಳಿಗೆ ಕಿವಿ ಸಿಗದಿದ್ದಾಗ ಕಿವಿಯನ್ನೇ ಎಳೆದು ಬೆರಳಿಗೆ ಮುಟ್ಟಿಸಿದರು. ಅಲ್ಲಿಗೆ ನನ್ನ ಅಡ್ಮಿಷನ್ ಮುಗಿಯಿತು. ಹುಟ್ಟಿದ ತಾರೀಖನ್ನು ಅವರೇ ಬರೆದುಕೊಂಡರು. ನಮ್ಮೂರಲ್ಲಿ ನನ್ನ ಓರಗೆಯ ಅರ್ಧ ಜನ ಒಂದೇ ದಿನ ಹುಟ್ಟಿದವರು.

ಎರಡೇ ಕೋಣೆಯ ಆ ಶಾಲೆ ಈಗಲೂ ನಮ್ಮ ಮಿಲ್ಲಿನ ಎದುರಿಗೇ ಇದೆ. ಕಡಲೆಕಾಯಿ ಕೀಳುವ ಕಾಲದಲ್ಲಿ ನಾವು ಚಡ್ಡಿ ಜೇಬಿನ ತುಂಬ ಹಸಿ ಕಡಲೆಕಾಯಿ ತುಂಬಿಕೊಂಡು ಹೋಗುತ್ತಿದ್ದೆವು. ಮಗ್ಗಿ ಹೇಳುವ ಸದ್ದಿನ ಅಡಿಯಲ್ಲಿ ಸಿಪ್ಪೆ ಒಡೆಯುವ ಸದ್ದು ಮುಚ್ಚಿಹೋಗುತ್ತದೆಂಬುದು ನಮ್ಮ ನಂಬಿಕೆ. ಸಂಜೆ ನೆಲದ ತುಂಬ ಸಿಪ್ಪೆ. ಮೇಷ್ಟ್ರು ಬೈದು, ನಮ್ಮಿಂದಲೇ ಗುಡಿಸಿ, ಜೇಬಿನಲ್ಲಿ ಉಳಿದದ್ದನ್ನು ಮೇಜಿನ ಮೇಲೆ ಸುರಿಸಿಕೊಂಡು ತಾವು ಒಂದೊಂದಾಗಿ ಬಿಡಿಸಿ ತಿನ್ನುತ್ತ ಉಕ್ತಲೇಖನ ಹೇಳುತ್ತಿದ್ದರು. ‘ಭಾರತ’ ಎಂಬ ಪದವನ್ನು ಅವರು ಬಾಯಿ ತುಂಬ ಕಡಲೆಕಾಯಿ ಇಟ್ಟುಕೊಂಡು ಹೇಳಿದ್ದರಿಂದ ನಾವೆಲ್ಲ ಬಹಳ ದಿನ ಅದನ್ನು ತಪ್ಪು ಬರೆದೆವು.

ಅದೇ ಶಾಲೆಯ ಅಭಿವೃದ್ಧಿ ಸಮಿತಿಗೆ ನಾನು ಅಧ್ಯಕ್ಷನಾದದ್ದು ನನ್ನ ಯೋಗ್ಯತೆಯಿಂದಲ್ಲ, ಅಲ್ಲಿ ಓದುವ ಮಗುವಿನ ತಂದೆ ಎಂದೂ ಅಲ್ಲ. ಸಭೆಗೆ ಕೂರಲು ಬೆಂಚಿರಲಿಲ್ಲ. ಮಿಲ್ಲಿನ ಬೆಂಚು ಹೊತ್ತುಕೊಂಡು ಹೋಗಿ ಇಟ್ಟೆ, ಕಾಲು ಅಲುಗುತ್ತದೋ ಏನೋ ಎಂದು ಅದರ ಮೇಲೆ ಕೂತು ನೋಡಿದೆ. ಬೆಂಚಿನ ಮೇಲೆ ಕೂತವನು ನಾನೊಬ್ಬನೇ ಆದ್ದರಿಂದ ಎಲ್ಲರೂ ಚಪ್ಪಾಳೆ ತಟ್ಟಿದರು.

ಆಗಲೇ ಶಾಲೆಯಲ್ಲಿ ಮಕ್ಕಳು ಕರಗುತ್ತಿದ್ದರು. ಮುಖ್ಯೋಪಾಧ್ಯಾಯಿನಿ ವಸಂತ ಮೇಡಂ ಕೊರಟಗೆರೆ ಕಡೆಯವರು. ಬಸ್ಸಿನಲ್ಲಿ ದೊಡ್ಡೇರಿಗೆ ಬಂದು, ಅಲ್ಲಿ ಪರಿಚಯದವರ ಮನೆ ಮುಂದೆ ನಿಲ್ಲಿಸಿರುವ ಸ್ಕೂಟಿ ಹತ್ತಿ ನಮ್ಮೂರಿಗೆ ಬರುತ್ತಾರೆ. ಹೀಗೇ ಆದರೆ ಶಾಲೆಯನ್ನು ಕೆರೆಯಾಚೆಯ ಊರಿನ ಶಾಲೆಯೊಳಕ್ಕೆ ಸೇರಿಸಿಬಿಡುತ್ತಾರಂತೆ ಎಂದು ಅವರು ಒಂದು ದಿನ ಮಿಲ್ಲಿಗೆ ಬಂದು ಹೇಳಿದರು. ಹೇಳಿ, ಎದುರಿಗಿದ್ದ ಶಾಲೆಯನ್ನು ಒಮ್ಮೆ ನೋಡಿ, ತಮ್ಮ ಅರ್ಧ ಕೆ.ಜಿ. ಗೋಧಿಯನ್ನು ನುಣ್ಣಗೆ ಬೀಸಿಕೊಡಲು ಕೇಳಿದರು. ಅವರು ದೂರುವ ಪೈಕಿಯಲ್ಲ.

ಏಪ್ರಿಲ್ ಬಂತೆಂದರೆ ನಮ್ಮೂರಿಗೆ ಎರಡು ಬಗೆಯ ಜನ ಬರುತ್ತಾರೆ. ಹುಣಸೆಹಣ್ಣಿನ ವ್ಯಾಪಾರಿಗಳು ಮತ್ತು ಕಾನ್ವೆಂಟಿನವರು. ಇಬ್ಬರೂ ಮನೆಮನೆಗೆ ಬರುತ್ತಾರೆ, ಜಗಲಿಯಲ್ಲಿ ಕೂತು ನೀರು ಕೇಳಿ ಕುಡಿಯುತ್ತಾರೆ, ನಿಮ್ಮ ಮನೆಯಲ್ಲಿ ಎಷ್ಟಿದಾವೆ ಎಂದು ವಿಚಾರಿಸುತ್ತಾರೆ. ಮಧುಗಿರಿ ರಸ್ತೆಯ ಶಾಲೆಯವರು ಊಟದ ಡಬ್ಬಿ ಕೊಟ್ಟರೆ, ಶಿರಾ ಕಡೆಯವರು ಬ್ಯಾಗು ಕೊಡುತ್ತಾರೆ. ಇನ್ನೊಬ್ಬರ ಬಣ್ಣದ ಕಾಗದದಲ್ಲಿ ಕೆಂಪು ಕೂದಲಿನ ಮಕ್ಕಳು ಹಸಿರು ಹುಲ್ಲಿನ ಮೇಲೆ ಉರುಳಾಡುತ್ತಿದ್ದರು. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ನಾಲ್ಕೂ ತಾಲ್ಲೂಕು ಸುತ್ತಿದವನು ನಾನು. ಅಂಥ ಹುಲ್ಲನ್ನು ಎಲ್ಲೂ ಕಂಡಿಲ್ಲ.

ನಾನೇನೂ ಇದಕ್ಕೆಲ್ಲ ವಿರೋಧಿ ಅಂದುಕೊಳ್ಳಬೇಡಿ. ಪೈಪೋಟಿಯ ರುಚಿ ಕಂಡವನೇ ನಾನು. ಊರಿಗೆ ನನ್ನದೊಂದೇ ಮಿಲ್ಲು ಇದ್ದಾಗ ಮಧ್ಯಾಹ್ನ ಬಾಗಿಲು ಹಾಕಿ ಮಲಗುತ್ತಿದ್ದೆ. ಮೆಣಸಿನಕಾಯಿ ಬೀಸಿದ ಕಲ್ಲಿನಲ್ಲೇ ಅಕ್ಕಿ ಬೀಸಿ, ಯಾರಾದರೂ ರೊಟ್ಟಿ ಖಾರವಾಯಿತೆಂದರೆ ಪಲ್ಯ ಉಳಿಯಿತಲ್ಲ ಎನ್ನುತ್ತಿದ್ದೆ. ಆಮೇಲೆ ಊರ ಆ ತುದಿಯಲ್ಲಿ ರಂಗಪ್ಪ ಹೊಸ ಮಿಲ್ಲು ಹಾಕಿದ. ಒಂದೇ ತಿಂಗಳಲ್ಲಿ ನನಗೆ ಮಧ್ಯಾಹ್ನದ ನಿದ್ದೆ ಬಿಟ್ಟುಹೋಯಿತು. ಮೆಣಸಿನಕಾಯಿಗೆ ಬೇರೆ ಮಿಷನ್ನು ಬಂತು, ಫ್ಯಾನು ಬಂತು, ಕಾಯುವವರಿಗೆ ಬೆಂಚು ಬಂತು. ಆ ಬೆಂಚೇ ನನ್ನನ್ನು ಅಧ್ಯಕ್ಷ ಮಾಡಿದ್ದು. ಹೀಗಾಗಿ ಊರಿಗೆ ಎರಡು ಮಿಲ್ಲು ಇರಬಹುದಾದರೆ ಎರಡು ಶಾಲೆ ಯಾಕಿರಬಾರದು ಎಂದು ಯಾರಾದರೂ ಕೇಳಿದರೆ ಇರಲಿ ಎನ್ನಲೇಬೇಕಾದವನು ನಾನು.

ನನ್ನ ಹೆಂಡತಿ ಮಂಜುಳಾ ಅದನ್ನೇ ಕೇಳಿದಳು. ಮಗಳು ಪಲ್ಲವಿಗೆ ಶಾಲೆಯ ವಯಸ್ಸಾಗಿತ್ತು.

“ನೀವು ಅಧ್ಯಕ್ಷರಾಗಿ ಇರ್ರಿ, ನಾನೇನ್ ಬ್ಯಾಡ ಅಂದಿಲ್ಲ. ನನ್ ಮಗಳು ಮಾತ್ರ ವ್ಯಾನಲ್ಲೇ ಹೋಗೋದು.”

“ಲೋಕ ಏನಂದಾತು ಮಂಜುಳಾ? ಅಧ್ಯಕ್ಷನ ಮಗಳೇ…”

“ಲೋಕ ಬಂದು ನನ್ನ ತುಮಕೂರಿಂದ ಬಸ್ ಹತ್ತಿಸ್ತಾ ಅವತ್ತು?”

ಮಂಜುಳಾ ಪಿ.ಯು.ಸಿ. ಚೆನ್ನಾಗಿ ಪಾಸು ಮಾಡಿದವಳು. ಮದುವೆಗೆ ಮುಂಚೆ ತುಮಕೂರಿನಲ್ಲಿ ಒಂದು ಕೆಲಸಕ್ಕೆ ಸಂದರ್ಶನಕ್ಕೆ ಹೋಗಿದ್ದಳಂತೆ. ಎದುರಿಗೆ ಕೂತವರು ಇಂಗ್ಲಿಷಿನಲ್ಲಿ ಅವಳ ಊರು ಯಾವುದೆಂದು ಕೇಳಿದರಂತೆ. ಪ್ರಶ್ನೆ ಅರ್ಥವಾಯಿತು, ಉತ್ತರವೂ ಗೊತ್ತು, ಬಾಯಿ ಮಾತ್ರ ಹೊರಡಲಿಲ್ಲ. ತನ್ನ ಊರಿನ ಹೆಸರನ್ನೂ ಹೇಳಲಾಗದೆ ಎದ್ದು ಬಂದು ಬಸ್ ನಿಲ್ದಾಣದಲ್ಲಿ ಸಂಜೆಯವರೆಗೆ ಒಬ್ಬಳೇ ಕೂತಿದ್ದಳಂತೆ. ಇದನ್ನು ಅವಳು ನನಗೆ ಹೇಳಿದ್ದು ಮದುವೆಯಾಗಿ ಎಷ್ಟೋ ದಿನದ ಮೇಲೆ. “ನನ್ ಬಾಯಿ ಕಟ್ಕಂಡಂಗೆ ಅವಳ್ದು ಕಟ್ಕಬಾರ್ದು ಕಣ್ರಿ” ಎಂದಳು. ಇಂಥ ಮಾತಿನ ಮುಂದೆ ಸಮಿತಿಯ ಅಧ್ಯಕ್ಷಗಿರಿ ಯಾವ ಲೆಕ್ಕ?

ನಾವು, ಅವ್ವ, ಪಲ್ಲವಿ ನಾಲ್ವರೂ ಮಧುಗಿರಿ ರಸ್ತೆಯ ಶಾಲೆ ನೋಡಲು ಹೋದೆವು. ಅಲ್ಲಿನ ಪ್ರಿನ್ಸಿಪಾಲರು ಒಳ್ಳೆಯ ಹೆಂಗಸು. ನನ್ನ ಉದ್ಯೋಗವೇನೆಂದು ಇಂಗ್ಲಿಷಿನಲ್ಲಿ ಕೇಳಿದರು. ‘ಫ್ಲೋರ್ ಮಿಲ್, ಮೇಡಂ’ ಎಂದೆ. ನಾನು ಬಿ.ಎ. ಓದಿದ್ದು ಅವತ್ತು ಪೂರ್ತಿ ಖರ್ಚಾಗಿಹೋಯಿತು. ಮಕ್ಕಳು ಶಾಲೆಯ ಆವರಣದಲ್ಲಿ ಇಂಗ್ಲಿಷ್ ಬಿಟ್ಟು ಬೇರೆ ಮಾತಾಡುವಂತಿಲ್ಲ ಎಂದು ಅವರು ವಿವರಿಸುತ್ತಿದ್ದಾಗ ಅವ್ವ ನಡುವೆ ಬಾಯಿ ಹಾಕಿದಳು.

“ಮಗೀಗೆ ಉಚ್ಚೆ ಬಂದ್ರೂ ಇಂಗ್ಲೀಸ್ನಾಗೇ ಕೇಳ್ಬೇಕಾ ತಾಯಿ?”

“ಹೌದು ಅಜ್ಜಿ. ಹಾಗೆ ಕೇಳಿದರೇನೇ ಅಭ್ಯಾಸ ಆಗೋದು.”

“ಅಂಗಾದ್ರೆ ಮೊದ್ಲು ಅದ್ನೇ ಕಲ್ಸ್ಬುಡ್ರವ್ವ. ಎ ಬಿ ಸಿ ಡಿ ಆಮ್ಯಾಕೆ ನೋಡ್ಕಳನ.”

ಪ್ರಿನ್ಸಿಪಾಲರು ಮುಖಕ್ಕೆ ಸೆರಗು ಹಿಡಿದುಕೊಂಡು ನಕ್ಕರು. ಅಂಥ ನಗೆ ನಕ್ಕವರ ಶಾಲೆ ಕೆಟ್ಟದ್ದಿರಲಾರದೆಂದು ನಾವು ಒಪ್ಪಿ ಬಂದೆವು. ಜೂನ್‌ನಲ್ಲಿ ಪಲ್ಲವಿ ಬೂಟು, ಬೆಲ್ಟು, ಕೆಂಪು ಟೈ ಹಾಕಿಕೊಂಡು ಮಿಲ್ಲಿನ ಮುಂದೆ ವ್ಯಾನಿಗೆ ಕಾದು ನಿಂತಳು. ಎದುರುಗಡೆ ವಸಂತ ಮೇಡಂ ಶಾಲೆಯ ಬೀಗ ತೆಗೆಯುತ್ತಿದ್ದರು. ಪಲ್ಲವಿಯನ್ನು ನೋಡಿ ಕೈ ಬೀಸಿದರು. ನಾನು ಮಾತ್ರ ಆ ಹೊತ್ತಿಗೆ ಮಿಷನ್ನಿನ ಬೆಲ್ಟು ಸರಿಮಾಡುವವನ ಹಾಗೆ ಒಳಗೆ ಬಗ್ಗಿಕೊಂಡಿದ್ದೆ.

ವ್ಯಾನಿನ ಡ್ರೈವರು ಓಬಳೇಶ. ಪಾವಗಡದಿಂದಲೂ ಆಚೆ, ಆಂಧ್ರದ ಗಡಿಯ ಮೇಲಿನ ಊರಿನವನು; ದೊಡ್ಡೇರಿಯಲ್ಲಿ ಹೆಂಡತಿ ಮಗಳ ಜೊತೆ ಬಾಡಿಗೆ ಮನೆ ಮಾಡಿಕೊಂಡಿದ್ದ. ಅವನ ದಾರಿ ನೇರ ದಾರಿಯಲ್ಲ. ಮೊದಲು ನಮ್ಮೂರು, ಅಲ್ಲಿಂದ ಸುತ್ತಲಿನ ಹಳ್ಳಿ, ಹಟ್ಟಿ, ತೋಟದ ಮನೆ ಎಲ್ಲ ಬಳಸಿಕೊಂಡು ಮಕ್ಕಳನ್ನು ತುಂಬಿಸುತ್ತ ಹೋಗುವಷ್ಟರಲ್ಲಿ ಮೊದಲು ಹತ್ತಿದ ಮಗುವಿಗೆ ಒಂದು ನಿದ್ದೆ ಮುಗಿದಿರುತ್ತಿತ್ತು. ಸಂಜೆ ಅದೇ ದಾರಿ ತಿರುವುಮುರುವು. ಕೊನೆಯಲ್ಲಿ ಇಳಿಯುವವಳು ಪಲ್ಲವಿ.

ಮೊದಲ ವಾರವೆಲ್ಲ ಅವಳು ಅತ್ತಳು. ಓಬಳೇಶ ಅವಳನ್ನು ಮುಂದೆ ತನ್ನ ಪಕ್ಕದ ಸೀಟಿನಲ್ಲಿ ಕೂರಿಸಿಕೊಂಡು, “ಏಡ್ವೊದ್ದು ಪಾಪಾ, ಏಡ್ವೊದ್ದು” ಎಂದು ಸಮಾಧಾನ ಮಾಡುತ್ತಿದ್ದ. ಅಳಬೇಡ ಅಂತ. ಆಮೇಲೆ ಅಳು ನಿಂತಿತು. ಆಮೇಲೆ ಅವಳೇ ವ್ಯಾನು ಬರುವ ಮುಂಚೆ ಓಡಿಹೋಗಿ ನಿಲ್ಲತೊಡಗಿದಳು. ಶಾಲೆ ಹಿಡಿಸಿಬಿಟ್ಟಿತು ಎಂದು ಮಂಜುಳಾ ಹಿಗ್ಗಿದಳು.

ದೀಪಾವಳಿಗೆ ಮಂಜುಳಾಳ ಅಣ್ಣ ಕೊರಟಗೆರೆಯಿಂದ ಬಂದಿದ್ದರು. ಊಟಕ್ಕೆ ಎಲೆ ಹಾಕುವ ಮುಂಚೆ ಜಗಲಿಯಲ್ಲಿ ಕೂತು ಸೋದರ ಸೊಸೆಯನ್ನು ತೊಡೆಯ ಮೇಲೆ ಕೂರಿಸಿಕೊಂಡರು.

“ಎಲ್ಲಿ ಪಲ್ಲವಿ, ಸ್ಕೂಲಲ್ಲಿ ಕಲಿತಿದ್ದು ಮಾತಾಡು ನೋಡಾಣ. ನಾವೂ ಒಸಿ ಕೇಳ್ತೀವಿ.”

ಮಂಜುಳಾ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಳು. ಪಲ್ಲವಿ ಎ ಫಾರ್ ಆಪಲ್‌ನಿಂದ ಹೊರಟು ಒಂದೆರಡು ಪ್ರಾಣಿ ದಾಟುವವರೆಗೆ ಸರಾಗವಾಗಿ ಹೋಗಿ ನಿಂತಳು. ಅಷ್ಟರಲ್ಲಿ ನಮ್ಮ ನಾಯಿ ಒಬ್ಬಟ್ಟಿನ ತಟ್ಟೆಯ ಹತ್ತಿರ ಮೂತಿ ತಂದಿತು. ಪಲ್ಲವಿ ಮಾವನ ತೊಡೆಯಿಂದ ಧುಮುಕಿ, ಸೊಂಟದ ಮೇಲೆ ಕೈಯಿಟ್ಟು, “ಏಯ್! ಪೋ ಅವತಲಿಕಿ! ಸಿಗ್ಗು ಲೇದಾ ನೀಕು?” ಎಂದು ಅದಕ್ಕೆ ನಾಚಿಕೆಯಾಗುವಂತೆ ಗದರಿದಳು. ನಾಯಿ ನಿಜಕ್ಕೂ ಹೋಯಿತು. ಆಮೇಲೆ ಮಾವನ ಕಡೆ ತಿರುಗಿ, ಬಹಳ ಉಪಚಾರದಿಂದ, “ಅನ್ನಂ ತಿನ್ನಾವಾ ಮಾಮಾ?” ಎಂದಳು.

ಅವ್ವ ನಕ್ಕು ನಕ್ಕು ಕಂಬ ಹಿಡಿದುಕೊಂಡಳು. “ಅಯ್ಯೋ ಶಿವನೇ, ಇದು ಇಂಗ್ಲೀಸಲ್ಲ ಕಣ್ಲಾ, ತೆಲುಗು! ಅಚ್ಚ ಪಾವಗಡದ ತೆಲುಗು!”

ನಮಗೆ ತೆಲುಗು ಹೊಸದೇನಲ್ಲ. ಸಂತೆಯಲ್ಲಿ, ಮಂಡಿಯಲ್ಲಿ ಕಿವಿಗೆ ಬಿದ್ದೇ ಇರುತ್ತದೆ. ಆದರೆ ಇಂಗ್ಲಿಷಿಗೆಂದು ವ್ಯಾನು ಹತ್ತಿಸಿದ ಮಗು ತೆಲುಗು ಹೊತ್ತುಕೊಂಡು ಇಳಿಯುತ್ತದೆಂದು ಯಾರು ಎಣಿಸಿದ್ದರು? ಶಾಲೆಯಲ್ಲಿ ಬಾಯಿ ಮುಚ್ಚಿ ಕೂರುತ್ತಿದ್ದ ಕೂಸು ದಾರಿಯುದ್ದಕ್ಕೂ ಓಬಳೇಶನ ಪಕ್ಕದಲ್ಲಿ ಬಾಯಿ ಬಿಚ್ಚಿತ್ತು. ಎಲ್ಲರೂ ನಗುತ್ತಿದ್ದೆವು. ಮಂಜುಳಾ ನಗಲಿಲ್ಲ. ಒಳಗೆ ಹೋಗಿ ಒಲೆಯ ಮುಂದೆ ಬೆನ್ನು ಮಾಡಿ ನಿಂತಳು. ಅವಳ ಬೆನ್ನು ನೋಡಿಯೇ ನನ್ನ ನಗು ಆರಿಹೋಯಿತು.

ರಜೆ ಮುಗಿದ ಬೆಳಿಗ್ಗೆ ವ್ಯಾನು ಬಂದಾಗ ಮಂಜುಳಾಳೇ ರಸ್ತೆಗೆ ಹೋದಳು.

“ಏನಪ್ಪಾ ಓಬಳೇಶ, ನಮ್ ಮಗೂಗೆ ತೆಲುಗು ಹೇಳ್ಕೊಡು ಅಂತ ನಿಂಗೆ ಯಾರು ಹೇಳಿದ್ರು?”

ಓಬಳೇಶ ವ್ಯಾನು ಆಫ್ ಮಾಡಿ ಕೆಳಗಿಳಿದ. “ಅಕ್ಕಾ, ನಾನೇನೂ ಹೇಳ್ಕೊಡ್ಲಿಲ್ಲ. ಮಕ್ಳು ಅಳ್ತಾವೆ. ನಾನು ನಮ್ಮೂರ ಕಥೆ ಗಿಥೆ ಏನೋ ಹೇಳ್ತೀನಿ. ಸುಮ್ನಾಗ್ತಾವೆ.”

“ಹೇಳೋ ಕಥೆ ಇಂಗ್ಲಿಷಲ್ಲಿ ಹೇಳ್ಬೇಕಪ್ಪ.”

“ಇಂಗ್ಲಿಷ್ ಬಂದಿದ್ರೆ ನಾನ್ಯಾಕಕ್ಕಾ ವ್ಯಾನ್ ಓಡಿಸ್ತಿದ್ದೆ? ನಾನೇ ಮೇಷ್ಟ್ರು ಆಗ್ತಿದ್ದೆ” ಎಂದ ಓಬಳೇಶ. ತಮಾಷೆಗಲ್ಲ, ನಿಜವಾಗಿ ದುಃಖದಿಂದ ಅಂದ. ಆಮೇಲೆ, “ಬುಡಕ್ಕಾ, ಇನ್ಮೇಲೆ ಮಾತೇ ಆಡಲ್ಲ” ಎಂದು ವ್ಯಾನು ಹತ್ತಿದ.

ಮಾತಿಗೆ ತಪ್ಪುವವನಲ್ಲ. ಆಡಲಿಲ್ಲ. ಸ್ಟಿಯರಿಂಗ್ ಹಿಡಿದು ಬಾಯಿ ಬಿಗಿದುಕೊಂಡು ಓಡಿಸಿದನಂತೆ. ಮಕ್ಕಳು ಏನು ಕೇಳಿದರೂ ಊಹೂಂ. ಆ ವಾರ ವ್ಯಾನಿನಲ್ಲಿ ಎರಡು ಜಗಳವಾದವು, ಒಂದು ಮಗು ವಾಂತಿ ಮಾಡಿಕೊಂಡಿತು, ಪಲ್ಲವಿ ಮತ್ತೆ ಬೆಳಿಗ್ಗೆ ಹೊಟ್ಟೆನೋವೆಂದು ಅಳತೊಡಗಿದಳು. ಒಂದು ಬೆಳಿಗ್ಗೆ ಅವಳು ಮಿಲ್ಲಿನ ಬಾಗಿಲ ಚಿಲಕ ಹಿಡಿದು ಬಿಡಲೇ ಇಲ್ಲ. ಮಂಜುಳಾ ಅವಳನ್ನೂ ನೋಡಿದಳು, ಮಾತಿಲ್ಲದೆ ತಲೆ ತಗ್ಗಿಸಿ ಕೂತಿದ್ದ ಓಬಳೇಶನನ್ನೂ ನೋಡಿದಳು. ಹತ್ತಿರ ಹೋಗಿ, “ಮಾತಾಡ್ಸಪ್ಪ, ನಿಂಗೆ ಬರೋ ಮಾತೇ ಆಡು” ಎಂದಳು. ಓಬಳೇಶ ಕಿಟಕಿಯಿಂದ ಕೈ ಚಾಚಿ, “ದಾ ಪಾಪಾ, ಪೋದಾಂ ಪಾ” ಎಂದ. ಬಾ, ಹೋಗೋಣ ಎಂದಷ್ಟೇ. ಚಿಲಕ ಬಿಟ್ಟು ಓಡಿದಳು.

ಅದೇ ಚಳಿಗಾಲದಲ್ಲಿ ನಮ್ಮೂರ ಹೊರಗಿನ ಕೋಳಿ ಫಾರಂಗೆ ಆಂಧ್ರದ ಮಡಕಶಿರಾ ಕಡೆಯ ಒಂದು ಸಂಸಾರ ಕೆಲಸಕ್ಕೆ ಬಂತು. ಮೂರು ಮಕ್ಕಳು. ಕೋಳಿಗಳ ಜೊತೆ ಶೆಡ್ಡಿನಲ್ಲೇ ಇರುತ್ತಿದ್ದ ಅವನ್ನು ವಸಂತ ಮೇಡಂ ಎರಡು ಸಲ ಹೋಗಿ ಕೇಳಿ, ಮೂರನೆಯ ಸಲ ಕೈಹಿಡಿದು ಕರೆತಂದರು. ದೊಡ್ಡವಳು ಅಂಜಲಿ, ಪಲ್ಲವಿಯ ಓರಗೆ. ಉಳಿದಿಬ್ಬರು ತಮ್ಮಂದಿರು. ಮೂವರೂ ಮೂಲೆಯಲ್ಲಿ ಗೋಡೆಗೆ ಅಂಟಿಕೊಂಡು ಕೂತವರು ಬಾಯಿ ಬಿಡುತ್ತಿರಲಿಲ್ಲ. ಮಧ್ಯಾಹ್ನ ಊಟದ ಹೊತ್ತಿಗೆ ಎದ್ದು ಫಾರಂಗೆ ಓಡಿಬಿಡುತ್ತಿದ್ದರು.

“ಅಧ್ಯಕ್ಷರೇ, ನಿಮಗೆ ತೆಲುಗು ಬರುತ್ತಲ್ಲ, ಒಂದ್ ಸಲ ಬಂದು ಮಾತಾಡಿಸಿ” ಎಂದು ಮೇಡಂ ಕೇಳಿದರು.

ಅಂಗಿಯ ಮೇಲಿನ ಹಿಟ್ಟು ಕೊಡವಿಕೊಂಡು ಗಂಭೀರವಾಗಿ ಹೋದೆ. ಅಂಜಲಿಯ ಮುಂದೆ ಕುಕ್ಕರುಗಾಲಲ್ಲಿ ಕೂತೆ. ಆಗ ಗೊತ್ತಾಯಿತು ನನ್ನ ತೆಲುಗಿನ ಬಂಡವಾಳ. ಅದೆಲ್ಲ ನಾನು ಮಂಡಿಯಲ್ಲಿ ಕಲಿತದ್ದು. ಎಷ್ಟು ತಡಕಿದರೂ ಬಾಯಿಗೆ ಬಂದದ್ದು ಒಂದೇ ವಾಕ್ಯ: “ಎಂತಕಿಸ್ತಾವು?” ಎಷ್ಟಕ್ಕೆ ಕೊಡ್ತೀಯ, ಅಂತ. ಚಿಕ್ಕ ತಮ್ಮ ತನ್ನನ್ನು ಕೊಳ್ಳಲು ಬಂದವನೆಂದೇ ತಿಳಿದನೋ ಏನೋ, ಕಿರುಚಿಕೊಂಡು ಅಕ್ಕನ ಬೆನ್ನ ಹಿಂದೆ ಸೇರಿದ. ಅಡುಗೆಯವಳು ಸೌಟು ಹಿಡಿದೇ ನಕ್ಕಳು. ವಸಂತ ಮೇಡಂ ನಗು ತಡೆಯಲು ಬೋರ್ಡು ಒರೆಸತೊಡಗಿದರು.

ಕಾನ್ವೆಂಟಿಗೆ ರಜೆಯಿದ್ದ ಒಂದು ಶನಿವಾರ, ನಮ್ಮ ಶಾಲೆಗೆ ಬೆಳಗಿನ ತರಗತಿ. ನಾನು ಪಲ್ಲವಿಯನ್ನು ಕರೆದುಕೊಂಡು ಹೋದೆ. ಅವಳಿಗೆ ಏನೂ ಹೇಳಿಕೊಟ್ಟಿರಲಿಲ್ಲ. ಹೋದವಳೇ ಅಂಜಲಿಯ ಪಕ್ಕ ಗೋಡೆಗೆ ಒರಗಿ ಕೂತು, “ನೀ ಪೇರೇಮಿ?” ಎಂದಳು. ನಿನ್ನ ಹೆಸರೇನು?

ಅಂಜಲಿ ಅವಳನ್ನು ಮೇಲಿಂದ ಕೆಳಗೆ ನೋಡಿದಳು. ಬಾಗಿ ಕಿವಿಯಲ್ಲಿ ಏನೋ ಹೇಳಿದಳು. ಪಲ್ಲವಿಯೂ ಅವಳ ಕಿವಿಯಲ್ಲಿ ಏನೋ ಹೇಳಿದಳು. ಇಬ್ಬರೂ ಬಹಳ ಹೊತ್ತು ಹೀಗೆ ಗುಸುಗುಸು ಮಾಡುತ್ತಿದ್ದರು. ಆಮೇಲೆ ಊಟಕ್ಕೆ ತಟ್ಟೆ ಹಾಕುವ ಸದ್ದಾಯಿತು. ಎಂದಿನಂತೆ ಮೂವರೂ ಎದ್ದರು. ಪಲ್ಲವಿ ಅಂಜಲಿಯ ಲಂಗ ಹಿಡಿದು ಎಲ್ಲಿಗೆಂದು ಕೇಳಿದಳು. ಅಂಜಲಿ ಅನ್ನ ಸಾರಿನ ಪಾತ್ರೆಯ ಕಡೆ ಬೆರಳು ಮಾಡಿ, ಮೊದಲ ಸಲ ಎಲ್ಲರಿಗೂ ಕೇಳುವಂತೆ ಬಾಯಿ ಬಿಟ್ಟಳು:

“ಇದಿ ಮಾಕಾ?”

ಪಲ್ಲವಿ ನಮ್ಮ ಕಡೆ ತಿರುಗಿದಳು. “ಇದು ಅವ್ರಿಗೂನಾ ಅಂತ ಕೇಳ್ತಾಳೆ ಮಿಸ್.”

ಆ ಮಕ್ಕಳು ಅಷ್ಟು ದಿನ ಶಾಲೆಯ ಊಟ ಊರ ಮಕ್ಕಳಿಗೆ ಮಾತ್ರ ಎಂದುಕೊಂಡಿದ್ದರು. ಊಟದ ಹೊತ್ತಿನಲ್ಲಿ ಅಲ್ಲಿ ನಿಲ್ಲಬಾರದೆಂದು ಅವರಮ್ಮ ಹೇಳಿ ಕಳಿಸಿದ್ದಳಂತೆ. ವಸಂತ ಮೇಡಂ ತಾವೇ ಮೂರು ತಟ್ಟೆ ತೊಳೆದು ತಂದು, ಬಡಿಸಿ, ಪಕ್ಕದಲ್ಲಿ ನೆಲದ ಮೇಲೆ ಕೂತರು. ಚಿಕ್ಕವನು ಒಂದು ತುತ್ತು ಬಾಯಿಗಿಟ್ಟು ಅಕ್ಕನ ಮುಖ ನೋಡಿದ. ಅವಳು ತಲೆಯಾಡಿಸಿದ ಮೇಲೆ ತಟ್ಟೆಯಿಂದ ತಲೆ ಎತ್ತಲಿಲ್ಲ. ನಾನು ಹೊರಗೆ ಬಂದು ಮಿಲ್ಲಿನಲ್ಲಿ ಯಾರೂ ಇಲ್ಲದಿದ್ದರೂ ಮಿಷನ್ನು ಚಾಲೂ ಮಾಡಿ ನಿಂತಿದ್ದೆ.

ಆಮೇಲೆ ಪ್ರತಿ ಶನಿವಾರ ಪಲ್ಲವಿಯದು ಅದೇ ಹಟ. ಅಂಜಲಿ ಕನ್ನಡ ಕಲಿತಳು, ತಮ್ಮಂದಿರೂ ಕಲಿತರು, ಪಲ್ಲವಿಯ ತೆಲುಗು ಇನ್ನಷ್ಟು ಹದವಾಯಿತು. ಬೇಸಿಗೆ ಬಂದು ಹೊಸ ಬಣ್ಣದ ಕಾಗದಗಳು ಮನೆಗೆ ಬಂದಾಗ ಅವಳು ಸಾರಿದಳು: “ನಾನು ಅಂಜಲಿ ಸ್ಕೂಲಿಗೇ ಹೋಗದು.”

ಮನೆಯಲ್ಲಿ ಮೂರು ದಿನ ಸರಿಯಾಗಿ ಮಾತಿಲ್ಲ. ನಾನು ಬಾಯಿ ಬಿಟ್ಟರೆ ಅಧ್ಯಕ್ಷನ ಸ್ವಾರ್ಥವಾಗುತ್ತದೆ. ಅವ್ವ ಮಾತ್ರ, “ಮಗಾ ಆಸೆಪಡ್ತದೆ ಕಣಮ್ಮ, ಬುಡು” ಎಂದು ಒಮ್ಮೆ ಅಂದಳು. ಮಂಜುಳಾ ಸಿಟ್ಟಿನಿಂದಲ್ಲ, ಸೋತ ದನಿಯಲ್ಲಿ, “ಇವತ್ತು ಆಸೆಪಡ್ತಾಳೆ ಅತ್ತೆ. ನಾಳೆ ಬಾಯಿ ಬರ್ದಂಗೆ ಕೂತಾಗ ನಮ್ಮನ್ನೇ ಬೈಯ್ತಾಳೆ” ಎಂದಳು. ಅವಳು ಹೇಳಿದ್ದರಲ್ಲಿ ಸುಳ್ಳೇನಿತ್ತು?

ನಾಲ್ಕನೆಯ ದಿನ ಅವಳು ಸೀರೆ ಬದಲಿಸಿಕೊಂಡು ರಸ್ತೆ ದಾಟಿ ಶಾಲೆಗೆ ಹೋದಳು. ನಾನೂ ಹಿಂದೆಯೇ ಹೋಗಿ ಬಾಗಿಲ ಹತ್ತಿರ ನಿಂತೆ.

“ಮೇಡಂ, ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕಬೇಡಿ. ನನ್ ಮಗಳಿಗೆ ಇಂಗ್ಲಿಷ್ ಮಾತಾಡಕ್ಕೆ ಬರೋ ಹಂಗೆ ಕಲಿಸ್ತೀರಾ?”

ವಸಂತ ಮೇಡಂ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ಓದೋದು ಬರೆಯೋದು ಕಲಿಸ್ತೀನಿ. ಅದರಲ್ಲಿ ಅನುಮಾನ ಬೇಡ. ಮಾತಾಡೋದು ಅಂದ್ರೆ… ನನಗೇ ಸರಿಯಾಗಿ ಬರಲ್ಲಮ್ಮ. ಟ್ರೈನಿಂಗ್‌ಗೆ ಹೋದಾಗ ನಾನು ಹಿಂದಿನ ಸಾಲಲ್ಲಿ ಕೂತ್ಕೋತೀನಿ, ಎಲ್ಲಿ ಎಬ್ಬಿಸಿ ಕೇಳ್ತಾರೋ ಅಂತ.”

ಮಂಜುಳಾ ಅವರನ್ನೇ ನೋಡುತ್ತಿದ್ದಳು. ಅವಳ ಮುಖದಲ್ಲಿ ಏನೋ ಸಡಿಲವಾದದ್ದು ನನಗೆ ಬಾಗಿಲಿನಿಂದಲೇ ಕಂಡಿತು.

“ನಿಮಗೂ ಹಂಗೇ ಆಗುತ್ತಾ?” ಎಂದಳು.

“ನೀವು ಪಿ.ಯು.ಸಿ. ಓದಿದೀರಿ. ಸಂಜೆ ಒಂದು ಗಂಟೆ ಬನ್ನಿ. ಇಬ್ಬರೂ ಮಾತಾಡಿ ನೋಡೋಣ, ಮಕ್ಕಳೆದುರಿಗೇ. ತಪ್ಪಾದ್ರೆ ಅವು ನಗ್ತಾವೆ, ಅಷ್ಟೇ ತಾನೇ?”

ಹೀಗೆ ಪಲ್ಲವಿ ಎದುರಿನ ಶಾಲೆಗೆ ಸೇರಿ, ಅವಳ ಟೈ ಮಿಲ್ಲಿಗೆ ಬಂತು. ಸಂಜೆ ಶಾಲೆ ಬಿಟ್ಟ ಮೇಲೆ ಆ ಕೋಣೆಯಲ್ಲಿ ಮಂಜುಳಾ, ಮೇಡಂ, ಒಂದಷ್ಟು ಮಕ್ಕಳು ಕೂತು ಇಂಗ್ಲಿಷಿನಲ್ಲಿ ಕಡಲೆಕಾಯಿಯ ಬೆಲೆ, ಸಾರಿನ ರುಚಿ, ನಾಯಿಯ ಪೋಲಿತನ ಎಲ್ಲವನ್ನೂ ಮಾತಾಡುತ್ತಾರೆ. ಬೇರೆಯವರ ಎದುರಿಗೆ ತನಗೆ ಈಗಲೂ ನಾಲಗೆ ತೊಡರುತ್ತದೆ, ಮಕ್ಕಳ ಎದುರಿಗೆ ಮಾತ್ರ ಇಲ್ಲ ಎನ್ನುತ್ತಾಳೆ ಮಂಜುಳಾ. ಕಾನ್ವೆಂಟಿನ ವ್ಯಾನುಗಳು ಈಗಲೂ ನಮ್ಮೂರಿಗೆ ಬರುತ್ತವೆ, ತುಂಬಿಕೊಂಡೇ ಹೋಗುತ್ತವೆ. ನಮ್ಮಲ್ಲಿಗೆ ವಾಪಸು ಬಂದದ್ದು ಎಲ್ಲೋ ಒಂದೆರಡು ಮನೆಯ ಮಕ್ಕಳು. ಆದರೂ ಕೋಳಿ ಫಾರಂನ ಮೂವರು, ಪಲ್ಲವಿ, ಈ ಒಂದೆರಡು ಸೇರಿ, ಈ ವರ್ಷಕ್ಕೆ ಶಾಲೆಯನ್ನು ಕೆರೆ ದಾಟಿಸುವುದಿಲ್ಲ ಎಂದು ಮೇಲಿನಿಂದ ಮಾತು ಬಂತು. ಮುಂದಿನ ವರ್ಷದ್ದು ಮುಂದಿನ ವರ್ಷಕ್ಕೆ.

ಶಾಲೆ ತೆರೆದ ಎರಡನೆಯ ವಾರ, ಬೆಳಿಗ್ಗೆ ಬೇಗನೆ ಹಳದಿ ವ್ಯಾನು ಬಂದು ಮಿಲ್ಲಿನ ಮುಂದೆ ನಿಲ್ಲದೆ ನೇರವಾಗಿ ಸರ್ಕಾರಿ ಶಾಲೆಯ ಗೇಟಿಗೆ ಹೋಗಿ ನಿಂತಿತು. ವ್ಯಾನಿಗೆ ಕಾಯುತ್ತಿದ್ದ ಮಕ್ಕಳು, ಅವರ ಅಮ್ಮಂದಿರು, ಡಬ್ಬ ಹಿಡಿದು ಮಿಲ್ಲಿಗೆ ಬಂದವರು ಎಲ್ಲ ಅತ್ತ ತಿರುಗಿದರು. ಓಬಳೇಶ ಇಳಿದು ಆಚೆ ಬದಿಯ ಬಾಗಿಲು ತೆಗೆದ. ಎರಡು ಜಡೆ ಹಾಕಿ ಎಣ್ಣೆ ಹಚ್ಚಿದ ಪುಟ್ಟ ಹುಡುಗಿಯೊಂದು ಇಳಿಯಿತು. ಅವನ ಮಗಳು.

ನಾನೂ ಅಧ್ಯಕ್ಷನಾದ್ದರಿಂದ ಓಡಿದೆ.

“ಅಲ್ಲಪ್ಪ, ದೊಡ್ಡೇರಿಲೇ ಸ್ಕೂಲೈತೆ. ನಿಮ್ಮ ಸ್ಕೂಲ್ನಲ್ಲೂ ಡ್ರೈವರ್ ಮಕ್ಳು ಅಂದ್ರೆ ಸೇರಿಸ್ಕೋತಾರಂತೆ.”

“ಸೇರಿಸ್ಕೋತಾರಣ್ಣ, ಒಳ್ಳೆ ಜನ. ಆದ್ರೆ ದಿನಾ ನೋಡ್ತೀನಲ್ಲ, ಮಕ್ಳು ಕಿಟಕಿಗೆ ತಲೆ ಬಡ್ಕೊಂಡು ನಿದ್ದೆ ಹೋಗದು” ಎಂದ ಓಬಳೇಶ. “ಇಲ್ಲಿ ಪಲ್ಲವಿ ಪಾಪ ಐತೆ, ಆ ಅಂಜಲಿ ಪಾಪ ಐತೆ. ನಮ್ ಪಾಪಂಗೆ ಮಾತಾಡಾಕೆ ಜನ ಅವ್ರೆ. ಬೆಳಿಗ್ಗೆ ಹೆಂಗೂ ಖಾಲಿ ವ್ಯಾನಲ್ಲಿ ಬತ್ತೀನಿ, ಬುಟ್ಟು ಹೋಗ್ತೀನಿ. ಸಂಜೆವರ್ಗೂ ಮಂಜಕ್ಕ ನೋಡ್ಕಂತೀನಿ ಅಂದವ್ರೆ.”

ಮಂಜುಳಾ ನನಗೆ ಒಂದು ಮಾತೂ ಹೇಳಿರಲಿಲ್ಲ.

ವಸಂತ ಮೇಡಂ ವರಾಂಡಕ್ಕೆ ಬಂದರು. ಓಬಳೇಶ ಚಪ್ಪಲಿ ಬಿಟ್ಟು, ಮಗಳ ಭುಜದ ಮೇಲೆ ಕೈಯಿಟ್ಟುಕೊಂಡು ಮೆಟ್ಟಿಲ ಕೆಳಗೇ ನಿಂತ. ಕಾನ್ವೆಂಟಿನ ಆಫೀಸಿನ ಮುಂದೆ ತಂದೆ ತಾಯಿಗಳು ನಿಲ್ಲುವುದನ್ನು ದಿನಾ ನೋಡಿದ್ದವನಾದ್ದರಿಂದ, ಅವರಂತೆಯೇ ವಿನಯವಾಗಿ ಕೇಳಿದ:

“ಮೇಡಂ, ಒಂದ್ ಸೀಟು ಸಿಗ್ತದಾ?”

ಆ ಶಾಲೆಯಲ್ಲಿ ಆ ಪ್ರಶ್ನೆಯನ್ನು ಹಿಂದೆ ಯಾರಾದರೂ ಕೇಳಿದ್ದರೋ ಇಲ್ಲವೋ ನಾನು ಕಾಣೆ. ನಾನು ಕಂಡಂತೆ ಇಲ್ಲ. ಮನೆಮನೆ ಬಾಗಿಲಿಗೆ ಹೋಗಿ ಮಕ್ಕಳನ್ನು ಕೇಳಿ ಸವೆದಿದ್ದ ವಸಂತ ಮೇಡಂ ಕನ್ನಡಕ ಸರಿ ಮಾಡಿಕೊಂಡು ಒಳಗೆ ಹೋಗಿ ಹಾಜರಿ ಪುಸ್ತಕ ತಂದು, ಮುಕ್ಕಾಲು ಪಾಲು ಬಿಳಿಯಾಗಿದ್ದ ಆ ಹಾಳೆಯ ಮೇಲೆ ಬೆರಳಾಡಿಸುತ್ತ ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ನಿಧಾನವಾಗಿ ಹುಡುಕಿದರು. ಓಬಳೇಶನ ಕಣ್ಣೂ ಆ ಬೆರಳಿನ ಜೊತೆಗೇ ಇಳಿದು ಹತ್ತಿತು.

“ಇದೆ,” ಎಂದರು ಮೇಡಂ. “ಒಂದೇ ಒಂದು ಇದೆ. ಬೇಗ ಒಳಗೆ ಕಳಿಸಿ.”